ನಲವತ್ತೆರಡು

ನಮ್ಮ ಜೀನ್ಸ್ ಯೂನಿಟ್ಟಿನ ಲೆಕ್ಕದಲ್ಲಿ
ನಲವತ್ತೆರಡು ಅಂದರೆ ದೊಡ್ಡ ಸೊಂಟ.
ತಿಂಗಳಿಗೆ ಒಂದು ಡಜನು ಬಂದರೆ ಹೆಚ್ಚು.
ಬಂದ ದಿನ ಜಿಪ್ ಹಚ್ಚುವ ನಾವು
ಒಂದೇ ಪ್ಯಾಂಟಿನೊಳಗೆ ಇಬ್ಬಿಬ್ಬರು ನಿಂತು ನಗುತ್ತೇವೆ.

ಈಗ ಅದೇ ಅಂಕಿ ಕಿಲೋಮೀಟರಾಗಿ
ನನ್ನ ಮಷಿನ್ನಿನ ಮುಂದಿನ ಗೋಡೆಗೆ ಅಂಟಿದೆ,
ಇಪ್ಪತ್ತೆಂಟು ವಾರಗಳ ಹಾಳೆ.
ಮೊದಲ ಮನೆಯಲ್ಲಿ ಬರೆದದ್ದು ಇಷ್ಟೇ:
ಹದಿನೈದು ನಿಮಿಷ,
ಮಾತಾಡಲು ಬರುವಷ್ಟು ನಿಧಾನ,
ಬೆಳಗಿನ ತಂಪಿನಲ್ಲಿ.

ಬರೆದ ಪುಣ್ಯಾತ್ಮ ಯಾವ ಊರಿನವನೋ.
ಬಳ್ಳಾರಿಯ ಏಪ್ರಿಲ್ಲಿನಲ್ಲಿ ತಂಪು ಅನ್ನುವುದು
ಐಸ್ ಕ್ಯಾಂಡಿ ಡಬ್ಬಿಯ ಮುಚ್ಚಳದ ಕೆಳಗಿರುತ್ತದೆ.
ನಾಲ್ಕೂವರೆಗೆ ಎದ್ದೆ.
ನಲ್ಲಿಯ ನೀರು ಆಗಲೇ
ಬಾಣಂತಿಗೆ ಕಾಯಿಸಿಟ್ಟ ಹಾಗಿತ್ತು.
ಹಗಲೆಲ್ಲ ಬಿಸಿಲು ಮೇಯ್ದ ಕೋಟೆಗುಡ್ಡ
ಕತ್ತಲಲ್ಲಿ ಮೆಲುಕು ಹಾಕುತ್ತ
ರಸ್ತೆಯ ಮೇಲೆ ಉಸಿರು ಬಿಡುತ್ತಿತ್ತು.

ಮಗನ ಹಳೆಯ ಬೂಟು, ತುದಿಗೆ ಡೆನಿಮ್ ಚೂರು ತುರುಕಿ.
ಮಾತಿಗೆ ಜೊತೆ ಬೇಕಲ್ಲ, ಹೊನ್ನೂರಬೀ ಬಂದಳು,
ಓಡುವುದಕ್ಕಲ್ಲ, ಟಿವಿಎಸ್ ಮೇಲೆ,
ಹ್ಯಾಂಡಲಿಗೆ ಮಜ್ಜಿಗೆ ಬಾಟಲಿ ಕಟ್ಟಿಕೊಂಡು.
"ನಿನ್ನ ಬೆನ್ನು ಹತ್ತಿದೋರು ಯಾರವ್ವಾ?"
"ಯಾರೂ ಇಲ್ಲ."
"ಮತ್ತ ಯಾಕ ಓಡ್ತಿ?"
ಉತ್ತರ ಹುಡುಕುವಷ್ಟರಲ್ಲಿ ಉಸಿರು ಮುಗಿದಿತ್ತು.
ಸುಧಾ ಕ್ರಾಸಿನಲ್ಲಿ ಗೇಟು ಬಿತ್ತು, ದೇವರು ದೊಡ್ಡವನು.
ಅದಿರಿನ ಗೂಡ್ಸು, ಐವತ್ತೆಂಟು ಡಬ್ಬಿ,
ಮಂಡಿ ಹಿಡಿದು ಒಂದೊಂದೇ ಎಣಿಸಿದೆ.
ನಿಂತ ಹೊತ್ತನ್ನೂ ಹದಿನೈದಕ್ಕೇ ಜಮಾ ಮಾಡಿದೆ.

ಭಾನುವಾರ ಮೈಮರೆತು ಮಲಗಿಬಿಟ್ಟೆ.
ಹಾಳೆಗೆ ಮೋಸ ಆಗಬಾರದೆಂದು
ಹತ್ತು ಗಂಟೆಗೆ ಹೊರಟೆ.
ಬೆಳಗಲ್ ಕ್ರಾಸಿನ ಹತ್ತಿರ ಊರು ಬೆಳ್ಳಗಾಯಿತು,
ಕರಿಬೇವಿನ ಗಿಡ ಬೆಳ್ಳಗೆ, ಎಮ್ಮೆ ಬೆಳ್ಳಗೆ.
ಕಣ್ಣು ಬಿಟ್ಟಾಗ ಒಗ್ಗಾಣಿ ಗಾಡಿಯ ನೆರಳು,
ತಲೆಯ ಮೇಲೆ ಎರ್ರೆಪ್ಪ ಸುರಿದ ಕೊಡ.
"ಬಿಸಿಲಿನ ಕೂಡ ಜಿದ್ದಿಗೆ ಬೀಳಬ್ಯಾಡ ತಾಯಿ.
ಅದಕ್ಕ ಮನಿ ಇಲ್ಲ, ಮುಳುಗೋತನ ಇಲ್ಲೇ ಇರತೈತಿ.
ನಿನಗ ಮನಿ ಐತಿ, ನಡಿ."

ಎರಡು ದಿನ ಓಡಲಿಲ್ಲ.
ತಗಡಿನ ಕೆಳಗೆ ಕೂತು ಜಿಪ್ ಹಚ್ಚಿದೆ.
ಹದಿನಾರು ವರ್ಷ ಇದೇ ಸ್ಟೂಲು,
ಇದೇ ಬಲಗಾಲು, ಇದೇ ಪೆಡಲು.
ಸೂಜಿಯ ಕೆಳಗೆ ಹಾದುಹೋದ ಬಟ್ಟೆಯನ್ನು
ಉದ್ದಕ್ಕೆ ಹಾಸಿದರೆ ಗುಂತಕಲ್ಲೂ ದಾಟೀತು,
ಕಾಲು ಮಾತ್ರ ಇಲ್ಲೇ.
ಹೊನ್ನೂರಬೀಗೆ ಹೇಳಬೇಕಿತ್ತು ಇದನ್ನು.
ಹೇಳಲಿಲ್ಲ. ಅವಳದೂ ಪಕ್ಕದ ಸ್ಟೂಲೇ.

ಮತ್ತೆ ಹೊರಟೆ, ಈ ಸಲ ನಾಲ್ಕಕ್ಕೆ,
ನಡೆದು ಅರ್ಧ, ಓಡಿ ಅರ್ಧ.
ನೀಲಿ ಕುಪ್ಪಸದ ಬೆನ್ನಿನ ಮೇಲೆ ದಿನವೂ
ಉಪ್ಪು ಒಂದು ನಕಾಶೆ ಬರೆಯುತ್ತಿತ್ತು,
ನಾನು ಕಾಣದ ಯಾವುದೋ ದೇಶದ್ದು.
ಹನ್ನೊಂದನೆಯ ದಿನ ಓಣಿ ತಿರುಗುವ ಮೊದಲೇ
ಬೆವರು ಬಂತು, ಕರೆಯದೆ, ಧಾರಾಳವಾಗಿ.
ತುಟಿ ನೆಕ್ಕಿ ನೋಡಿದೆ, ಉಪ್ಪು ಕಡಿಮೆ.
ನಲವತ್ತು ಬೇಸಿಗೆ ಈ ಊರಲ್ಲೇ ಕಳೆದ ಮೈ
ಬೆವರುವುದನ್ನು ಈಗ ಕಲಿಯುತ್ತಿದೆ.

ಇವತ್ತು ಗೇಟು ತೆರೆದಿತ್ತು. ದಾಟಿದೆ.
ಹಿಂದೆ ಟಿವಿಎಸ್ಸಿನ ಸದ್ದಿಲ್ಲ.
ಪೆಟ್ರೋಲು ಮುಗಿದು ಹೊನ್ನೂರಬೀ ತಳ್ಳುತ್ತ ಬರುತ್ತಿದ್ದಳು,
ಯಾರ‍್ಯಾರನ್ನೋ ಬೈಯುತ್ತ.
ತಿರುಗಿ ಹೋಗಿ ಹಿಂದಿನಿಂದ ಕೈ ಕೊಟ್ಟೆ.
ಹಾಳೆಯಲ್ಲಿ ಇದಕ್ಕೆ ಮನೆಯಿಲ್ಲ.

"ನಲವತ್ತೆರಡರ ಮ್ಯಾಲೆ ಇನ್ನೊಂದಿಷ್ಟು ಮೀಟರ್ ಬರದಾರಲ್ಲ,
ನೂರಾ ತೊಂಬತ್ತೈದು, ಅದೇನು?"
"ಮಡಿಚಿ ಹೊಲಿಯಾಕ ಅಂಚು ಬಿಡ್ತೀವಲ್ಲ, ಅದು."
ಸ್ವಲ್ಪ ಹೊತ್ತು ಬರೀ ಟೈರಿನ ಸದ್ದು.
"ಅಷ್ಟಾದ್ರ ನಾನೂ ಬರ್ತೀನಿ ಬಿಡು," ಅಂದಳು.

ಮಜ್ಜಿಗೆ ಬಿಸಿಯಾಗಿತ್ತು.
ಬಂಕು ತೆರೆಯಲು ಇನ್ನೂ ಒಂದು ತಾಸು.